ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಎಲ್ಲಿಗೆ ಹೋಯಿತು?

2004ರ ಚುನಾವಣೆ ಮುಗಿದಾಗ ಕಡೂರಿನ ಮತದಾರರ ಸಂಸದರು ಡಿ.ಸಿ. ಶ್ರೀಕಂಠಪ್ಪ. 2009ರ ಚುನಾವಣೆ ಮುಗಿದಾಗ ಎಚ್.ಡಿ. ದೇವೇಗೌಡ. ದೇವೇಗೌಡರು ಶ್ರೀಕಂಠಪ್ಪನವರನ್ನು ಸೋಲಿಸಿರಲಿಲ್ಲ. ಇಬ್ಬರೂ ಎದುರುಬದುರು ನಿಂತೇ ಇರಲಿಲ್ಲ. ಕಡೂರಿನವರು ಮನೆ ಬದಲಾಯಿಸಲಿಲ್ಲ, ಬಸ್ ಸ್ಟ್ಯಾಂಡ್ ಇದ್ದಲ್ಲೇ ಇತ್ತು, ಸೋಮವಾರದ ಕೆಲಸಕ್ಕೆ ಜಿಲ್ಲಾ ಕಚೇರಿಗೆ ಹೋಗುವುದಿದ್ದರೆ ಆಗಲೂ ಚಿಕ್ಕಮಗಳೂರಿಗೇ ಹೋಗುತ್ತಿದ್ದರು. ಲೋಕಸಭೆಗೆ ಮತ ಹಾಕುವಾಗ ಮಾತ್ರ ಅವರು ಹಾಸನದವರಾಗಿದ್ದರು.

ಅದೇ ಹೊತ್ತಿಗೆ ಘಟ್ಟದ ಕೆಳಗಿನ ಬೆಳ್ತಂಗಡಿ ದಕ್ಷಿಣ ಕನ್ನಡ ಕ್ಷೇತ್ರಕ್ಕೆ ಸೇರಿ, ಅಲ್ಲಿಯವರಿಗೆ ನಳಿನ್ ಕುಮಾರ್ ಕಟೀಲ್ ಸಂಸದರಾದರು. ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಯವರಿಗೆ ಡಿ.ವಿ. ಸದಾನಂದ ಗೌಡ. ಐದು ವರ್ಷದ ಹಿಂದೆ ಒಬ್ಬರೇ ಪ್ರತಿನಿಧಿ ಇದ್ದ ಊರುಗಳಿಗೆ ಈಗ ಮೂವರು. ನಡುವೆ ನಡೆದದ್ದು ಒಂದೇ ಸಂಗತಿ: ಚಿಕ್ಕಮಗಳೂರು ಎಂಬ ಲೋಕಸಭಾ ಕ್ಷೇತ್ರ ಇಲ್ಲವಾಯಿತು. ಇಂದಿರಾ ಗಾಂಧಿ ಗೆದ್ದ ಕ್ಷೇತ್ರ, ಇಡೀ ದೇಶಕ್ಕೆ ಹೆಸರು ಗೊತ್ತಿದ್ದ ಕ್ಷೇತ್ರ ಹೀಗೆ ಸದ್ದಿಲ್ಲದೆ ಅಳಿಸಿಹೋದದ್ದು ಹೇಗೆ? ಇದರ ಹಿಂದೆ ರಾಜಕೀಯ ಕುತಂತ್ರವಿತ್ತು ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಬಹುಪಾಲು ಉತ್ತರ ಮೂರನೇ ತರಗತಿಯ ಭಾಗಾಕಾರದಲ್ಲೇ ಸಿಗುತ್ತದೆ.

ಆದರೆ ಮೊದಲು ಕ್ಷೇತ್ರ ಹುಟ್ಟಿದ್ದು ಹೇಗೆ ಎಂದು ನೋಡಬೇಕು. ಹುಟ್ಟಿನಲ್ಲೇ ಸಾವಿನ ಸುಳಿವಿದೆ.

1952ರ ಮೊದಲ ಮಹಾಚುನಾವಣೆಯಲ್ಲಿ ಚಿಕ್ಕಮಗಳೂರಿಗೆ ಪ್ರತ್ಯೇಕ ಕ್ಷೇತ್ರವೇ ಇರಲಿಲ್ಲ. ಹಳೇ ಮೈಸೂರು ರಾಜ್ಯದಲ್ಲಿ ‘ಹಾಸನ–ಚಿಕ್ಕಮಗಳೂರು’ ಎಂಬ ಜೋಡಿ ಹೆಸರಿನ ಕ್ಷೇತ್ರವಿತ್ತು. ಗೆದ್ದವರು ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪ. ಕಾರ್ಕಳ, ಬೆಳ್ತಂಗಡಿಗಳು ಆಗ ಬೇರೆ ರಾಜ್ಯದಲ್ಲಿದ್ದವು. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನ ಭಾಗ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ಬಂದು ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ರಾಜ್ಯದವರಾದರು. 1957 ಮತ್ತು 1962ರಲ್ಲಿ ಕ್ಷೇತ್ರದ ಹೆಸರು ಬರೀ ‘ಹಾಸನ’ ಎಂದಾಯಿತು, ಗೆದ್ದವರು ಮತ್ತೆ ಸಿದ್ದನಂಜಪ್ಪನವರೇ. 1967ರಲ್ಲಿ ಚಿಕ್ಕಮಗಳೂರು ಎಂಬ ಹೆಸರು ಒಂಟಿಯಾಗಿ ಲೋಕಸಭೆಯ ಪಟ್ಟಿ ಸೇರಿತು. ಮೊದಲ ಸಂಸದ ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡ.

ಹೀಗೆ ನೋಡಿದರೆ ಈ ಕ್ಷೇತ್ರದ ಆಯುಸ್ಸು 1967ರಿಂದ 2009ರ ತನಕ, ನಲವತ್ತೆರಡು ವರ್ಷ. ನಮ್ಮಲ್ಲಿ ಅನೇಕರು ‘ಅನಾದಿ ಕಾಲದಿಂದಲೂ ಇದ್ದದ್ದು’ ಎಂದುಕೊಂಡದ್ದು ಒಬ್ಬ ಮನುಷ್ಯನ ಅರ್ಧ ಆಯುಸ್ಸಿನಷ್ಟು ಹಳೆಯದು, ಅಷ್ಟೆ.

ಕೊನೆಯ ರೂಪದಲ್ಲಿ ಅದರೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳಿದ್ದವು. ಘಟ್ಟದ ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ಬೀರೂರು, ಕಡೂರು, ತರೀಕೆರೆ. ಘಟ್ಟದ ಕೆಳಗೆ ಕಾರ್ಕಳ ಮತ್ತು ಬೆಳ್ತಂಗಡಿ. ಜಿಲ್ಲೆಯ ಆರೂ, ಕರಾವಳಿಯಿಂದ ಕೇಳಿ ಪಡೆದಂತೆ ಎರಡು. ಎಂಟು ಎಂಬ ಸಂಖ್ಯೆ ನೆನಪಿರಲಿ, ಮುಂದೆ ಎಲ್ಲವೂ ಅದರ ಸುತ್ತಲೇ ತಿರುಗುತ್ತದೆ.

1978ರ ಕಥೆಯನ್ನು ಬಿಟ್ಟು ಈ ಕ್ಷೇತ್ರದ ಬಗ್ಗೆ ಬರೆದರೆ ಓದುಗರು ಕ್ಷಮಿಸುವುದಿಲ್ಲ. 1977ರಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತಿದ್ದರು. ಉತ್ತರದಲ್ಲಿ ಕಾಂಗ್ರೆಸ್ ನೆಲಕಚ್ಚಿತ್ತು, ಕರ್ನಾಟಕದಲ್ಲಿ ದೇವರಾಜ ಅರಸು ಅದನ್ನು ಎತ್ತಿ ನಿಲ್ಲಿಸಿಕೊಂಡಿದ್ದರು. 1971 ಮತ್ತು 1977ರಲ್ಲಿ ಚಿಕ್ಕಮಗಳೂರಿನಿಂದ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ಇಂದಿರಾಗಾಗಿ ರಾಜೀನಾಮೆ ಕೊಟ್ಟು ಜಾಗ ಖಾಲಿ ಮಾಡಿದರು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಈ ಮನುಷ್ಯ ಮುಂದೆ ವಿಧಾನಸಭೆ, ವಿಧಾನ ಪರಿಷತ್ತು, ಲೋಕಸಭೆ, ರಾಜ್ಯಸಭೆ ನಾಲ್ಕನ್ನೂ ಕಂಡವರು. ಆದರೂ ಜನ ಅವರನ್ನು ನೆನೆಯುವುದು ಆ ಒಂದು ರಾಜೀನಾಮೆಗೆ.

ಜನತಾ ಪಕ್ಷ ಎದುರು ನಿಲ್ಲಿಸಿದ್ದು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು. ಜಾರ್ಜ್ ಫರ್ನಾಂಡಿಸ್ ಬಂದು ಪ್ರಚಾರಕ್ಕೆ ಕೂತರು. ಲಂಗೂರ್ ಕೋತಿಗೂ ಚಿಕ್ಕಮಗಳೂರಿಗೂ ಪ್ರಾಸ ಕೂಡಿಸಿ, ಇಂದಿರಾರನ್ನು ಹೆಣ್ಣುಸಿಂಹಕ್ಕೆ ಹೋಲಿಸಿ ಹಿಂದಿಯಲ್ಲಿ ಕಟ್ಟಿದ ಘೋಷಣೆ ಕಾಫಿ ತೋಟಗಳ ನಡುವೆ ಮೊಳಗಿತು. ಹಿಂದಿ ಬಾರದ ಕೂಲಿಯಾಳುಗಳೂ ಅದನ್ನು ಕೂಗಿದರು. ನವೆಂಬರ್ 5ರಂದು ಮತದಾನ. ಇಂದಿರಾಗೆ 2,49,376 ಮತ, ಪಾಟೀಲರಿಗೆ 1,72,043. ಅಂತರ 77,333. ಡಿಸೆಂಬರ್ 19ಕ್ಕೆ, ಗೆದ್ದು ಸುಮಾರು ಆರು ವಾರಕ್ಕೆ, ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. 1980ರಲ್ಲಿ ಅವರು ರಾಯ್‌ಬರೇಲಿಯಲ್ಲೂ ಆಗಿನ ಆಂಧ್ರದ ಮೇದಕ್‌ನಲ್ಲೂ ಗೆದ್ದು ಮೇದಕ್ ಉಳಿಸಿಕೊಂಡರು. ಚಿಕ್ಕಮಗಳೂರಿಗೆ ಮರಳಲಿಲ್ಲ. ಸೋತ ವೀರೇಂದ್ರ ಪಾಟೀಲರು ಆಮೇಲೆ ಅವರದೇ ಪಕ್ಷ ಸೇರಿ, ಅವರದೇ ಸಂಪುಟದಲ್ಲಿ ಮಂತ್ರಿಯಾದರು! ಉಚ್ಚಾಟನೆಯ ನಿರ್ಣಯವನ್ನು ಮುಂದಿನ ಲೋಕಸಭೆ 1981ರ ಮೇ 7ರಂದು ರದ್ದು ಮಾಡಿತು.

ಆ ಮೇಲಿನದು ಸಾಮಾನ್ಯ ಕ್ಷೇತ್ರವೊಂದರ ಸಾಮಾನ್ಯ ಚರಿತ್ರೆ. ಡಿ.ಎಂ. ಪುಟ್ಟೇಗೌಡ, ಡಿ.ಕೆ. ತಾರಾದೇವಿ, 1996ರಲ್ಲಿ ಜನತಾದಳದ ಬಿ.ಎಲ್. ಶಂಕರ್, 1998ರಿಂದ ಸತತ ಮೂರು ಸಲ ಬಿಜೆಪಿಯ ಶ್ರೀಕಂಠಪ್ಪ. ಅವರೇ ಕೊನೆಯವರು.

ಈಗ ಯಂತ್ರದ ಒಳಗೆ ಇಣುಕೋಣ.

ಸಂವಿಧಾನದ 82ನೇ ವಿಧಿ ಹೇಳುವುದು ಇಷ್ಟು: ಪ್ರತಿ ಜನಗಣತಿ ಆದ ಮೇಲೆ ಲೋಕಸಭಾ ಸ್ಥಾನಗಳನ್ನೂ ಕ್ಷೇತ್ರಗಳ ಗಡಿಯನ್ನೂ ಹೊಂದಿಸಬೇಕು. ಒಬ್ಬ ಸಂಸದನ ಹಿಂದೆ ಹತ್ತಿರಹತ್ತಿರ ಅಷ್ಟೇ ಜನ ಇರಬೇಕು ಎನ್ನುವುದು ಆಶಯ. ಇದಕ್ಕಾಗಿ ಸಂಸತ್ತು ಕಾಯ್ದೆ ಮಾಡಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ರಚಿಸುತ್ತದೆ. ಇಲ್ಲಿಯವರೆಗೆ ಇಡೀ ದೇಶಕ್ಕೆಂದು ಅಂಥ ನಾಲ್ಕು ಆಯೋಗಗಳು ಬಂದಿವೆ: 1952, 1963, 1973 ಮತ್ತು 2002ರಲ್ಲಿ. 1973ರದು ಮುಗಿಯುವ ಹೊತ್ತಿಗೆ ತುರ್ತು ಪರಿಸ್ಥಿತಿ ಬಂದು, 1976ರ 42ನೇ ತಿದ್ದುಪಡಿ ಈ ಯಂತ್ರಕ್ಕೆ ಬೀಗ ಹಾಕಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ಮಾಡಿದ ರಾಜ್ಯಕ್ಕೆ ಸ್ಥಾನ ಕಡಿಮೆಯಾಗಬಾರದು ಎಂಬುದು ಕಾರಣ. ಗಡಿಗಳು ಕಾಲು ಶತಮಾನ ಮಿಸುಕಲಿಲ್ಲ.

ಗಡಿ ಮಿಸುಕದಿದ್ದರೂ ಜನ ಮಿಸುಕಿದರು. ಮಲೆನಾಡಿನ ಹುಡುಗರು ಓದು ಮುಗಿಸಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಕರಾವಳಿಯವರು ಮುಂಬಯಿಗೂ ಗಲ್ಫಿಗೂ ಹೋದರು. ಕನಕಪುರ ಲೋಕಸಭಾ ಕ್ಷೇತ್ರದೊಳಗಿದ್ದ ಉತ್ತರಹಳ್ಳಿ ಬಡಾವಣೆ ಮೇಲೆ ಬಡಾವಣೆ ಬೆಳೆದು, ಇಡೀ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಯಿತು. ಶೃಂಗೇರಿಯ ಶಾಸಕ ಕಾಡಿನಂಚಿನ ಒಂಟಿಮನೆಗಳನ್ನು ಎಣಿಸುತ್ತಿದ್ದರೆ ಉತ್ತರಹಳ್ಳಿಯ ಶಾಸಕ ಅಪಾರ್ಟ್‌ಮೆಂಟುಗಳನ್ನು ಎಣಿಸಲಾರದೆ ಕೈಬಿಟ್ಟಿದ್ದ.

2001ರ 84ನೇ ತಿದ್ದುಪಡಿ ಬೀಗವನ್ನು ಅರ್ಧ ತೆಗೆಯಿತು. ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎನ್ನುವುದು ಬದಲಾಗಬಾರದು, ಅದು 2026ರ ನಂತರದ ಮೊದಲ ಜನಗಣತಿಗೆ ಬಿಟ್ಟದ್ದು. ರಾಜ್ಯದ ಒಳಗೆ ಮಾತ್ರ ಗಡಿಗಳನ್ನು ಮತ್ತೆ ಎಳೆಯಬಹುದು. 2003ರ 87ನೇ ತಿದ್ದುಪಡಿ ಇದಕ್ಕೆ 2001ರ ಜನಗಣತಿಯನ್ನೇ ಆಧಾರ ಮಾಡಿತು. ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಕೆಲಸಕ್ಕೆ ಕೂತಿತು. ಕರ್ನಾಟಕದ ಮಟ್ಟಿಗೆ ಅದರ ಮುಂದಿದ್ದ ಪ್ರಶ್ನೆ: ಲೋಕಸಭೆಗೆ 28, ವಿಧಾನಸಭೆಗೆ 224, ಈ ಎರಡೂ ಸಂಖ್ಯೆಯನ್ನು ಮುಟ್ಟದೆ ಜನರನ್ನು ಸಮವಾಗಿ ಹಂಚುವುದು.

ಇನ್ನು ಪೆನ್ನು ಕಾಗದ ತೆಗೆದುಕೊಳ್ಳಿ. 2001ರಲ್ಲಿ ರಾಜ್ಯದ ಜನಸಂಖ್ಯೆ 5 ಕೋಟಿ 28.5 ಲಕ್ಷ. ಇದನ್ನು 28ರಿಂದ ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸುಮಾರು 18.87 ಲಕ್ಷ. 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸುಮಾರು 2.36 ಲಕ್ಷ. ಇದು ಜನಸಂಖ್ಯೆ, ಮತದಾರರ ಸಂಖ್ಯೆಯಲ್ಲ. ತೊಟ್ಟಿಲ ಕೂಸೂ ಲೆಕ್ಕಕ್ಕಿದೆ. ಒಂದು ವಿಧಾನಸಭಾ ಕ್ಷೇತ್ರವನ್ನು ಸೀಳಿ ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚುವಂತಿಲ್ಲ, ಅದು ಇಡಿಯಾಗಿ ಒಂದರೊಳಗೇ ಇರಬೇಕು ಎಂದು ಕಾಯ್ದೆ ಹೇಳುತ್ತದೆ. 224ನ್ನು 28ರಿಂದ ಭಾಗಿಸಿದರೆ ಶೇಷವಿಲ್ಲದೆ 8. ಹಾಗಾಗಿ ಪ್ರತಿ ಲೋಕಸಭಾ ಕ್ಷೇತ್ರಕ್ಕೂ ಎಂಟು.

ಈ ತಕ್ಕಡಿಗೆ ನಮ್ಮ ಸೀಮೆಯನ್ನು ಹಾಕಿ. ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 18.97 ಲಕ್ಷ. ಬೇಕಾದದ್ದು 18.87. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿತು. ಜಿಲ್ಲೆಯೇ ಒಂದು ಕ್ಷೇತ್ರವಾದಾಗ ಜಿಲ್ಲೆಯ ತಾಲ್ಲೂಕಾದ ಬೆಳ್ತಂಗಡಿ ಹೊರಗಿರಲು ಕಾರಣವೇ ಇರಲಿಲ್ಲ. ಚಿಕ್ಕಮಗಳೂರಿನಿಂದ ಅದು ಕಳಚಿತು, ಮಂಗಳೂರು ಕ್ಷೇತ್ರ ಹೆಸರು ಬದಲಿಸಿ ‘ದಕ್ಷಿಣ ಕನ್ನಡ’ವಾಯಿತು. ವಿಟ್ಲ ವಿಧಾನಸಭಾ ಕ್ಷೇತ್ರ ಹೋಗಿ ಜಿಲ್ಲೆಗೆ ಎಂಟು ಉಳಿದವು.

ಉಡುಪಿ ಜಿಲ್ಲೆ 11.12 ಲಕ್ಷ. ಚಿಕ್ಕಮಗಳೂರು ಜಿಲ್ಲೆ 11.40 ಲಕ್ಷ. ಯಾವುದೂ ಒಂಟಿಯಾಗಿ ಒಂದು ಕ್ಷೇತ್ರಕ್ಕೆ ಸಾಲದು. ಬೀರೂರು, ಬ್ರಹ್ಮಾವರ ವಿಧಾನಸಭಾ ಕ್ಷೇತ್ರಗಳನ್ನು ಕೈಬಿಟ್ಟ ಮೇಲೆ ಎರಡೂ ಜಿಲ್ಲೆಗೆ ಐದೈದು ಉಳಿದವು. ಕೂಡಿಸಿದರೆ 22.52 ಲಕ್ಷ ಜನ, ಹತ್ತು ವಿಧಾನಸಭಾ ಕ್ಷೇತ್ರ. ಎರಡು ಹೆಚ್ಚಾಯಿತು. ಅತ್ತ ಹಾಸನ ಜಿಲ್ಲೆಯಲ್ಲಿ ಏಳು ಇವೆ, ಒಂದು ಬೇಕು. ಶಿವಮೊಗ್ಗದಲ್ಲೂ ಏಳು, ಒಂದು ಬೇಕು. ಹಾಸನದ ಗಡಿಗೆ ಹೊಂದಿಕೊಂಡದ್ದು ಕಡೂರು, ಶಿವಮೊಗ್ಗದ ಗಡಿಗೆ ಹೊಂದಿಕೊಂಡದ್ದು ಬೈಂದೂರು. ಎರಡನ್ನೂ ಕೊಟ್ಟರೆ ಮೂರು ಕ್ಷೇತ್ರಗಳ ಸಮಸ್ಯೆ ಒಂದೇ ಏಟಿಗೆ ಮುಗಿಯಿತು.

ವಿಧಾನಸಭಾ ಕ್ಷೇತ್ರಗಳ ಕ್ರಮಸಂಖ್ಯೆಯಲ್ಲೇ ಈ ಕತ್ತರಿಯ ಗುರುತು ಕಾಣುತ್ತದೆ. ಬೈಂದೂರು 118, ಕುಂದಾಪುರ 119, ಉಡುಪಿ 120, ಕಾಪು 121, ಕಾರ್ಕಳ 122, ಶೃಂಗೇರಿ 123, ಮೂಡಿಗೆರೆ 124, ಚಿಕ್ಕಮಗಳೂರು 125, ತರೀಕೆರೆ 126, ಕಡೂರು 127. ಸಾಲಿನ ಮೊದಲನೆಯದನ್ನೂ ಕೊನೆಯದನ್ನೂ ಕತ್ತರಿಸಿ ಆಚೀಚೆ ಕೊಟ್ಟು, ನಡುವಿನ ಎಂಟಕ್ಕೆ ‘ಉಡುಪಿ–ಚಿಕ್ಕಮಗಳೂರು’ ಎಂದು ಹೆಸರಿಟ್ಟರು. ರಾಜ್ಯದ 15ನೇ ನಂಬರಿನ ಲೋಕಸಭಾ ಕ್ಷೇತ್ರ.

ಹಾಗಾದರೆ ಉಡುಪಿ, ಚಿಕ್ಕಮಗಳೂರು ಎಂಬ ಎರಡು ಕ್ಷೇತ್ರ ಒಂದಾದ ಮೇಲೆ 28ರಲ್ಲಿ ಒಂದು ಮಿಕ್ಕಿತಲ್ಲ, ಅದು ಎಲ್ಲಿ? ಬೆಂಗಳೂರು ನಗರ ಜಿಲ್ಲೆಯ 65.37 ಲಕ್ಷ ಜನರನ್ನು 2.36ರಿಂದ ಭಾಗಿಸಿ ನೋಡಿ: ಸುಮಾರು 28 ವಿಧಾನಸಭಾ ಕ್ಷೇತ್ರ. ಅವುಗಳಲ್ಲಿ ನಾಲ್ಕನ್ನು ಪಕ್ಕದ ಲೋಕಸಭಾ ಕ್ಷೇತ್ರಗಳಿಗೆ ಕೊಟ್ಟು ಮಿಕ್ಕ ಇಪ್ಪತ್ತನಾಲ್ಕು ಅಂದರೆ ಮೂರು ಎಂಟು. ಮೊದಲು ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಎಂದು ಎರಡಿದ್ದಲ್ಲಿ ಈಗ ‘ಬೆಂಗಳೂರು ಕೇಂದ್ರ’ ಹೊಸದಾಗಿ ಹುಟ್ಟಿತು. ಚಿಕ್ಕಮಗಳೂರಿನ ಸ್ಥಾನ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಉತ್ತರ ಇದೇ: ಅಲ್ಲಿನ ಮಕ್ಕಳು ಹೋದಲ್ಲಿಗೇ ಹೋಯಿತು.

ಮಂಗಳೂರಿನ ಹಾಗೆ ಹೆಸರು ಮಾತ್ರ ಕಳೆದುಕೊಂಡವು ಬೇರೆ ಇವೆ. ಕೆನರಾ ‘ಉತ್ತರ ಕನ್ನಡ’ವಾಯಿತು. ಧಾರವಾಡ ಉತ್ತರ ‘ಧಾರವಾಡ’ವಾಯಿತು, ಧಾರವಾಡ ದಕ್ಷಿಣ ‘ಹಾವೇರಿ’ಯಾಯಿತು. ಕನಕಪುರದ್ದು ತಮಾಷೆಯ ಕಥೆ. 2002ರ ಉಪಚುನಾವಣೆಯಲ್ಲಿ ದೇವೇಗೌಡರನ್ನು ಗೆಲ್ಲಿಸಿ 2004ರಲ್ಲಿ ಅವರನ್ನೇ ತೇಜಸ್ವಿನಿ ಎದುರು ಸೋಲಿಸಿದ ಆ ಕ್ಷೇತ್ರ ‘ಬೆಂಗಳೂರು ಗ್ರಾಮಾಂತರ’ ಎಂದು ಹೆಸರು ಪಡೆಯಿತು. ಆಯೋಗ ಕೆಲಸಕ್ಕೆ ಕೂತಾಗ ರಾಮನಗರ, ಕನಕಪುರ, ಚನ್ನಪಟ್ಟಣ, ಮಾಗಡಿ ಎಲ್ಲ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದವು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಯಿತು. ಹೀಗಾಗಿ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕೂ ಉಳಿಯಲಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿವೆ. ಕ್ಷೇತ್ರದ ಹೆಸರು ನಂಬಿ ಯಾರೂ ದಾರಿ ಹಿಡಿಯಬಾರದು.

ಭಾಗಾಕಾರ ಸರಿಯಾಯಿತು. ನೆಲ?

ಪುನರ್ವಿಂಗಡಣಾ ಕಾಯ್ದೆಯ 9ನೇ ಕಲಮು ಜನಸಂಖ್ಯೆಯ ಜೊತೆಗೆ ಇನ್ನೂ ಕೆಲವನ್ನು ನೋಡಬೇಕು ಎನ್ನುತ್ತದೆ: ಪ್ರದೇಶ ಒತ್ತಾಗಿರಬೇಕು, ನೆಲದ ಸ್ವರೂಪ ಗಮನಿಸಬೇಕು, ಆಡಳಿತದ ಗಡಿ, ಸಂಪರ್ಕ, ಜನರ ಅನುಕೂಲ ಎಲ್ಲ ನೋಡಬೇಕು. ಈ ಕಣ್ಣಿನಿಂದ ಕಡೂರನ್ನು ಹಾಸನಕ್ಕೆ ಕೊಟ್ಟದ್ದು ನನಗೆ ತಪ್ಪೆನಿಸುವುದಿಲ್ಲ. ಕಡೂರು ಮಲೆನಾಡಲ್ಲ, ತೆಂಗು ರಾಗಿಯ ಬಯಲುಸೀಮೆ. ಅರಸೀಕೆರೆಗೂ ಅದಕ್ಕೂ ಮಳೆ ಒಂದೇ, ರೈಲು ಹಳಿ ಒಂದೇ, ಬರಗಾಲವೂ ಒಂದೇ. ಮನಸ್ಸಿಗೆ ಕಸಿವಿಸಿ ಮಾಡುವುದು ಹೆಸರಿನ ವ್ಯಂಗ್ಯ ಮಾತ್ರ. 1947ರ ತನಕ ಇಡೀ ಚಿಕ್ಕಮಗಳೂರು ಜಿಲ್ಲೆಗೆ ‘ಕಡೂರು ಜಿಲ್ಲೆ’ ಎಂದೇ ಹೆಸರಿತ್ತು. ಜಿಲ್ಲೆಗೆ ಹೆಸರು ಕೊಟ್ಟ ತಾಲ್ಲೂಕು ಮತದಾನಕ್ಕೆ ಪರಜಿಲ್ಲೆಯ ಪಾಲಾಯಿತು. ಅದೂ ಪೂರ್ತಿಯಲ್ಲ: ಕಡೂರು ತಾಲ್ಲೂಕಿನ ಸಖರಾಯಪಟ್ಟಣ ಹೋಬಳಿ ಚಿಕ್ಕಮಗಳೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ಅವರು ಉಡುಪಿ–ಚಿಕ್ಕಮಗಳೂರಿಗೆ ಮತ ಹಾಕುತ್ತಾರೆ. ಒಂದೇ ತಹಶೀಲ್ದಾರರ ಕಚೇರಿಯ ಮುಂದೆ ಪಹಣಿಗೆ ನಿಂತ ಇಬ್ಬರಿಗೆ ಇಬ್ಬರು ಬೇರೆ ಬೇರೆ ಸಂಸದರು.

ಉಳಿದ ಕ್ಷೇತ್ರದ ಬಗ್ಗೆ ಮಾತ್ರ ಅಷ್ಟು ಸಮಾಧಾನವಿಲ್ಲ. ಮಲ್ಪೆಯ ಬೋಟಿನವನೂ ತರೀಕೆರೆಯ ಅಡಿಕೆ ಬೆಳೆಗಾರನೂ ಒಬ್ಬನೇ ಸಂಸದನ ಮುಂದೆ ನಿಲ್ಲುವ ಕ್ಷೇತ್ರವಿದು. ಒಬ್ಬನಿಗೆ ಡೀಸೆಲ್ ಸಬ್ಸಿಡಿ, ಇನ್ನೊಬ್ಬನಿಗೆ ಹಳದಿ ಎಲೆ ರೋಗ. ನಡುವೆ ಪಶ್ಚಿಮ ಘಟ್ಟ ಗೋಡೆಯ ಹಾಗೆ ನಿಂತಿದೆ. ಉಡುಪಿಯಿಂದ ಶೃಂಗೇರಿಗೆ ಹೊರಟವರು ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುತ್ತಾರೆ. ಆಗುಂಬೆ ತೀರ್ಥಹಳ್ಳಿ ತಾಲ್ಲೂಕು, ಅಂದರೆ ಶಿವಮೊಗ್ಗ ಕ್ಷೇತ್ರ. ಮೂಡಿಗೆರೆಯಿಂದ ಚಾರ್ಮಾಡಿ ಇಳಿದರೆ ಸಿಗುವುದು ಬೆಳ್ತಂಗಡಿ, ಅದು ದಕ್ಷಿಣ ಕನ್ನಡ ಕ್ಷೇತ್ರ. ಮಳೆಗಾಲದಲ್ಲಿ ಗುಡ್ಡ ಕುಸಿದು ಆ ದಾರಿಯೂ ಮುಚ್ಚುವುದುಂಟು, 2019ರಲ್ಲಿ ಹಾಗೇ ಆಯಿತು. ಕ್ಷೇತ್ರದ ಗಡಿ ದಾಟದೆ ಘಟ್ಟ ಹತ್ತಬೇಕಾದರೆ ಕಾರ್ಕಳದಿಂದ ಬಜಗೋಳಿ, ಮಾಳದ ಮೇಲೆ ಕುದುರೆಮುಖದ ಕಾಡು ಹೊಕ್ಕು ಎಸ್.ಕೆ. ಬಾರ್ಡರ್ ಮುಟ್ಟಿ, ಕೆರೆಕಟ್ಟೆಯ ಮೂಲಕ ಶೃಂಗೇರಿಗೆ ಹೋಗಬೇಕು. ಆ ‘ಎಸ್.ಕೆ.’ ಎಂದರೆ ಸೌತ್ ಕೆನರಾ. ಹಳೇ ಮೈಸೂರಿಗೂ ಮದ್ರಾಸಿಗೂ ನಡುವಿದ್ದ ಗಡಿಯ ಹೆಸರು ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಇನ್ನೂ ಉಳಿದಿದೆ, ಕ್ಷೇತ್ರದ ನಟ್ಟನಡುವೆ.

ಬೈಂದೂರಿನದೂ ಇದೇ ಪಾಡು. ಕಡಲತೀರದ ಆ ಜನ ಕೊಲ್ಲೂರು ಕಡೆಯಿಂದ ಘಟ್ಟ ಹತ್ತಿ ಸಂಸದರನ್ನು ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋಗಬೇಕು. ಇಲ್ಲಿ ಕಾಯ್ದೆಯ ‘ಜನರ ಅನುಕೂಲ’ ಎಂಬ ಮಾತು ಭಾಗಾಕಾರದ ಎದುರು ಸೋತಿದೆ ಎನ್ನುವುದು ನನ್ನ ಅಭಿಪ್ರಾಯ. ಹಾಗೆಂದು ಬೇರೆ ದಾರಿ ಸುಲಭವಿತ್ತು ಎಂದೂ ಹೇಳಲಾರೆ. ಕರ್ನಾಟಕದ ನಕ್ಷೆ ಮುಂದಿಟ್ಟುಕೊಂಡು ಎಂಟೆಂಟನ್ನು ಹೊಂದಿಸಲು ಕೂತು ನೋಡಿ. ಒಂದನ್ನು ಸರಿ ಮಾಡಿದರೆ ಪಕ್ಕದ್ದು ಹರಿಯುತ್ತದೆ.

ಇದನ್ನೆಲ್ಲ ತೀರ್ಮಾನಿಸುವವರು ಯಾರು? ಆಯೋಗದಲ್ಲಿ ಮೂವರು: ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ, ಮುಖ್ಯ ಚುನಾವಣಾ ಆಯುಕ್ತರು ಅಥವಾ ಅವರು ಹೆಸರಿಸಿದ ಆಯುಕ್ತರು, ಆಯಾ ರಾಜ್ಯದ ಚುನಾವಣಾ ಆಯುಕ್ತರು. ಜೊತೆಗೆ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರು ಮಾತಾಡಬಹುದು, ಮತ ಹಾಕುವಂತಿಲ್ಲ, ಆದೇಶಕ್ಕೆ ಸಹಿಯೂ ಇಲ್ಲ. ಅವರ ಭಿನ್ನಮತವನ್ನು, ಅವರು ಬಯಸಿದರೆ, ಕರಡಿನ ಜೊತೆ ಪ್ರಕಟಿಸಬೇಕು. ಕರಡು ರಾಜ್ಯಪತ್ರದಲ್ಲಿ ಬಂದ ಮೇಲೆ ಆಕ್ಷೇಪಣೆಗೆ ದಿನ ಗೊತ್ತು ಮಾಡಿ, ಸಾರ್ವಜನಿಕ ಅಹವಾಲು ಸಭೆ ನಡೆಸುತ್ತಾರೆ. ಸಾಮಾನ್ಯ ಮನುಷ್ಯನಿಗೆ ಬಾಗಿಲು ತೆರೆಯುವುದು ಆ ಒಂದೇ ಹಂತದಲ್ಲಿ. ಅಂತಿಮ ಆದೇಶ ಪ್ರಕಟವಾದ ಮೇಲೆ ಅದಕ್ಕೆ ಕಾನೂನಿನ ಬಲ. ಲೋಕಸಭೆಯ ಮುಂದೆ ಇಡುತ್ತಾರೆ, ಆದರೆ ಲೋಕಸಭೆ ಒಂದು ಅಕ್ಷರ ತಿದ್ದುವಂತಿಲ್ಲ. ಸಂವಿಧಾನದ 329ನೇ ವಿಧಿ ನ್ಯಾಯಾಲಯವನ್ನೂ ದೂರ ಇಟ್ಟಿದೆ. ಮೀಸಲು ಕ್ಷೇತ್ರವಾದ ಉಜ್ಜಯಿನಿಯ ವಿಷಯದಲ್ಲಿ ಮೇಘರಾಜ್ ಕೊಠಾರಿ ಎಂಬವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲೇ ಹಾಗೆ ಹೇಳಿತ್ತು. ಆದೇಶ ತೀರ ಮನಸೋಇಚ್ಛೆಯಾಗಿದ್ದು ಸಂವಿಧಾನದ ಮೌಲ್ಯಕ್ಕೆ ಧಕ್ಕೆ ತಂದರೆ ನೋಡಬಹುದು ಎಂದು 2024ರಲ್ಲಿ ಅದೇ ಕೋರ್ಟು ಕಿಂಡಿಯೊಂದನ್ನು ತೆರೆದಿದೆ.

ಕರ್ನಾಟಕದ ಹೊಸ ಗಡಿಗಳು 2008ರ ಫೆಬ್ರುವರಿ 19ರ ಅಧಿಸೂಚನೆಯಿಂದ ಜಾರಿಯಾದವು. ಅದೇ ವರ್ಷದ ಮೇ ತಿಂಗಳ ವಿಧಾನಸಭಾ ಚುನಾವಣೆ ಹೊಸ ನಕ್ಷೆಯ ಮೇಲೆ ನಡೆಯಿತು. ಲೋಕಸಭೆ ಮಾತ್ರ ಹಳೆಯದೇ ಮುಂದುವರಿಯಿತು. ಇದು ಅನೇಕರಿಗೆ ಗೊಂದಲವಾಗುವ ಜಾಗ. ಗಡಿ ಬದಲಾದ ದಿನವೇ ಸಂಸದರ ಸ್ಥಾನ ಹೋಗುವುದಿಲ್ಲ, ಆ ಸದನ ವಿಸರ್ಜನೆಯಾಗುವ ತನಕ ಹಳೇ ಕ್ಷೇತ್ರ ಹಳೇ ಹೆಸರಿನಲ್ಲಿ ಬದುಕಿರುತ್ತದೆ. ಹೀಗಾಗಿ ಸುಮಾರು ಒಂದು ವರ್ಷ ವಿಚಿತ್ರ ಸ್ಥಿತಿ: ಬೀರೂರು ವಿಧಾನಸಭಾ ಕ್ಷೇತ್ರ ಸತ್ತಿತ್ತು, ಆದರೆ ಬೀರೂರು ಸೇರಿದ್ದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಶ್ರೀಕಂಠಪ್ಪ ಇನ್ನೂ ಸಂಸದರಾಗಿದ್ದರು.

ಹಳೇ ಫಲಿತಾಂಶಗಳನ್ನು ಕೆದಕುವ ಹವ್ಯಾಸ ಇರುವವರಿಗೆ ಒಂದು ಎಚ್ಚರಿಕೆಯ ಮಾತು. ಟಿ.ವಿ.ಯಲ್ಲಿ ಕೂತು ‘ಶಿವಮೊಗ್ಗದಲ್ಲಿ 2004ಕ್ಕಿಂತ 2009ರಲ್ಲಿ ಇಷ್ಟು ಮತ ಹೆಚ್ಚಿತು’ ಎನ್ನುವವರನ್ನು ನಂಬುವ ಮೊದಲು ಎರಡೂ ಸಲ ಒಳಗಿದ್ದ ವಿಧಾನಸಭಾ ಕ್ಷೇತ್ರಗಳ ಪಟ್ಟಿ ಕೇಳಿ. ಹೆಸರು ಅದೇ, ಬೈಂದೂರು ಹೊಸದು. ಹಾಸನಕ್ಕೂ ಇದೇ ಮಾತು. ಚುನಾವಣಾ ಆಯೋಗ 1951–52ರಿಂದ ಪ್ರತಿ ಚುನಾವಣೆಯ ಅಂಕಿಅಂಶ ವರದಿಯನ್ನು ಪ್ರಕಟಿಸಿದೆ. ಪುನರ್ವಿಂಗಡಣೆಯ ಆದೇಶಗಳಲ್ಲಿ ಯಾವ ತಾಲ್ಲೂಕಿನ ಯಾವ ಹೋಬಳಿ ಎಲ್ಲಿಗೆ ಎಂಬ ವಿವರವಿದೆ. ಎರಡನ್ನೂ ಜೊತೆಗಿಟ್ಟುಕೊಂಡು ಓದಿದರೆ ಮಾತ್ರ ನಿಮ್ಮೂರಿನ ಚುನಾವಣಾ ಚರಿತ್ರೆ ಸಿಗುತ್ತದೆ. ಇಂದಿರಾ ಗಾಂಧಿಯನ್ನು ಗೆಲ್ಲಿಸಿದವರು ‘ಈಗಿನ ಉಡುಪಿ–ಚಿಕ್ಕಮಗಳೂರಿನವರು’ ಎಂದು ಪತ್ರಿಕೆಗಳೂ ಬರೆದುಬಿಡುತ್ತವೆ. ತಪ್ಪು. ಉಡುಪಿ, ಕುಂದಾಪುರದವರು ಆ ಚುನಾವಣೆಯಲ್ಲಿ ಮತ ಹಾಕಲೇ ಇಲ್ಲ. ಬೆಳ್ತಂಗಡಿಯವರೂ ಕಡೂರಿ‌ನವರೂ ಹಾಕಿದ್ದರು.

ಹೊಸ ಕ್ಷೇತ್ರಕ್ಕೂ ಉಪಚುನಾವಣೆಯ ಯೋಗ ಬೇಗ ಬಂತು. ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಯಾಗಿ ಸಂಸತ್ ಸ್ಥಾನ ಬಿಟ್ಟರು, 2012ರಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ ಹೆಗ್ಡೆ ಗೆದ್ದರು. 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಮಗು ಬೆಳೆದು ಮತದಾರನಾಗುವಷ್ಟು ಕಾಲ ಆಗಿದೆ. ‘ಚಿಕ್ಕಮಗಳೂರು ಎಂ.ಪಿ.’ ಎಂಬ ಮಾತನ್ನು ಕೇಳಿಯೇ ಇರದ ಹುಡುಗರು ಈಗ ಬೂತ್ ಏಜೆಂಟರಾಗಿ ಕೂರುತ್ತಾರೆ.

ಮುಂದಿನ ಜನಗಣತಿಯ ಅಂಕಿ ಹಿಡಿದು ಇನ್ನೊಂದು ಆಯೋಗ ಕೂತ ದಿನ ಈ ಭಾಗಾಕಾರ ಮತ್ತೆ ನಡೆಯುತ್ತದೆ. ಆಗ ದೆಹಲಿಯಲ್ಲಿ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ದೊಡ್ಡ ಜಗಳದ ಸದ್ದಿನಲ್ಲಿ ನಿಮ್ಮ ಹೋಬಳಿ ಯಾವ ಕಡೆಗೆ ಸರಿಯಿತು ಎಂಬ ಸಣ್ಣ ಸುದ್ದಿ ಮುಚ್ಚಿಹೋಗಬಹುದು. ಕರಡು ಪ್ರಕಟವಾದಾಗ ಗ್ರಾಮ ಪಂಚಾಯಿತಿಯಲ್ಲಿ ಒಂದು ಪ್ರತಿ ತರಿಸಿ, ನಿಮ್ಮ ಊರಿನ ಹೆಸರು ಯಾವ ಪಟ್ಟಿಯಲ್ಲಿದೆ ನೋಡಿ. ದಾರಿ, ಘಟ್ಟ, ಹೊಳೆ, ತಾಲ್ಲೂಕು ಕಚೇರಿ ಯಾವುದು ಎಲ್ಲಿದೆ ಎಂದು ಬರೆದು, ಜನಸಂಖ್ಯೆಯ ಅಂಕಿಯನ್ನೂ ಜೊತೆಗಿಟ್ಟು, ಕೊಟ್ಟ ದಿನದೊಳಗೆ ಆಕ್ಷೇಪಣೆ ಕಳಿಸಿ. ಅಂತಿಮ ಆದೇಶ ಬಂದ ಮೇಲೆ ಬರೆದ ಪತ್ರವನ್ನು ಓದುವವರು ಇರುವುದಿಲ್ಲ.